ತಾವಾಗಿಯೇ ಎದ್ದು ಹೋದರು

ಒಂದು ತಾಟು ಕಡಕ್ ರೊಟ್ಟಿಯಿಂದ ಇಡೀ ಊರಿನ ಬಸ್ಸುಗಳನ್ನು ನಿಲ್ಲಿಸಬಹುದೆಂದು ಕಲ್ಲಗೇರಿಯ ಜನಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ದುಂಡವ್ವ ಕಮ್ಮಾರ ಮಾಡಿ ತೋರಿಸಿದಳು.

ದುಂಡವ್ವ ಹಳೇಪೇಟೆಯಲ್ಲಿ ರೊಟ್ಟಿ ಕೇಂದ್ರ ನಡೆಸುವವಳು. ಅರವತ್ತು ದಾಟಿದ ಹೆಂಗಸು, ಮಾತು ಕಮ್ಮಿ, ಹಟ ಜಾಸ್ತಿ. ದಿನಾ ಬೆಳಿಗ್ಗೆ ಮೊದಲ ಬಸ್ಸು ಹೊರಡುವುದಕ್ಕೆ ಮುಂಚೆ ಡಿಪೋದ ಗೇಟಿನ ನಟ್ಟನಡುವೆ ಗೋಣಿಚೀಲ ಹಾಸಿ ಕೂತು, ಮುಂದೆ ತಾಟಿಟ್ಟುಕೊಂಡು ಉಣ್ಣಲು ಶುರು ಮಾಡುತ್ತಿದ್ದಳು. ಘೋಷಣೆಯಿಲ್ಲ, ಬೋರ್ಡಿಲ್ಲ, ಉಪವಾಸವಂತೂ ಇಲ್ಲವೇ ಇಲ್ಲ. ಉಗುರಿನಷ್ಟು ರೊಟ್ಟಿ ಮುರಿಯುವುದು, ಶೇಂಗಾ ಚಟ್ನಿಗೆ ಅದ್ದುವುದು, ಬಾಯಿಗಿಟ್ಟು ಅಗಿಯುತ್ತ ಕೂರುವುದು. ಕೊನೆಯ ಬಸ್ಸಿನ ಹೊತ್ತು ಮುಗಿದ ಮೇಲೆ ಕೈ ತೊಳೆದು, ಗೋಣಿಚೀಲ ಮಡಚಿಕೊಂಡು ಮನೆಗೆ. ಊಟವೊಂದು ಬೆಳಗಿನಿಂದ ರಾತ್ರಿಯವರೆಗೆ ನಡೆಯಬಹುದೆಂಬ ವಿಚಾರವೇ ಊರಿಗೆ ಹೊಸದು.

ಬಸ್ಸುಗಳಿಗೆ ಚಾಲಕರಿಲ್ಲದೆ ಬಹಳ ವರ್ಷಗಳಾಗಿದ್ದವು. ಮುಂದೆ ಕೋಳಿ ಬಂದರೂ ನಿಲ್ಲುವ ಸಾಧು ಬಸ್ಸುಗಳು ಅವು. ಎದುರಿಗೆ ಮನುಷ್ಯರಿದ್ದರೆ, ಆ ಮನುಷ್ಯರು ಸರಿಯುವವರೆಗೆ ಅಲ್ಲೇ ನಿಲ್ಲಬೇಕೆಂದು ಅವುಗಳ ತಲೆಯಲ್ಲಿ ಬರೆದಿತ್ತು. ಡಿಪೋಕ್ಕೆ ಇದ್ದದ್ದು ಒಂದೇ ಗೇಟು, ಹಿಂದೆ ದೊಡ್ಡ ಗಟಾರ. ಚಾರ್ಜ್ ಮಾಡಿಸಿಕೊಳ್ಳಲು ಎಲ್ಲ ಬಸ್ಸುಗಳೂ ರಾತ್ರಿ ಅಲ್ಲಿಗೇ ಬರಬೇಕು. ಬೆಳಿಗ್ಗೆ ಮೊದಲ ಬಸ್ಸು ದುಂಡವ್ವನ ಮುಂದೆ ಬಂದು ವಿನಯದಿಂದ ನಿಲ್ಲುತ್ತಿತ್ತು, ಅದರ ಬೆನ್ನಿಗೆ ಉಳಿದವೆಲ್ಲ ನಿಲ್ಲುತ್ತಿದ್ದವು.

ಆಕೆ ಕೇಳುತ್ತಿದ್ದದ್ದು ಒಂದೇ. ಊರ ಹೊರಗಿನ ಕಿಡ್ನಿ ದವಾಖಾನೆಯ ಮುಂದೆ ಬಸ್ಸು ನಿಲ್ಲಬೇಕು. ಮೊದಲು ನಿಲ್ಲುತ್ತಿತ್ತು. ಬಸ್ಸುಗಳ ವೇಳೆ ಗೊತ್ತುಮಾಡುವ ಯಂತ್ರ ಅಲ್ಲಿ ಹತ್ತುವವರು ಕಡಿಮೆಯೆಂದು ನಿಲ್ದಾಣವನ್ನೇ ತೆಗೆದುಹಾಕಿತ್ತು. ದುಂಡವ್ವನ ಗಂಡ ಈಶಪ್ಪ ವಾರವಾರ ಅಲ್ಲಿ ರಕ್ತ ಶುದ್ಧಿ ಮಾಡಿಸಿಕೊಂಡು, ಜೀವ ಹಿಂಡಿದಂತಾಗಿ, ಬಿಸಿಲಿನಲ್ಲಿ ರಿಂಗ್ ರೋಡಿನವರೆಗೆ ನಡೆದು ಬರಬೇಕಾಗಿತ್ತು. ಒಂದು ಸಲ ನಡುದಾರಿಯಲ್ಲಿ ಬಿದ್ದ. ಮರುದಿನವೇ ದುಂಡವ್ವ ಗೇಟಿಗೆ ಬಂದು ತಾಟಿಟ್ಟಳು.

ಎಬ್ಬಿಸಿ ಕಳಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕಾಯ್ದೆ ಅಡ್ಡ ಬರುತ್ತಿತ್ತು. ಹಿಂದೆ ಎಲ್ಲೋ ಧರಣಿ ಕೂತ ಮುದುಕನೊಬ್ಬನನ್ನು ಪೊಲೀಸರು ಎಳೆದಾಗ ಸೊಂಟ ಮುರಿದು, ಆತ ಸತ್ತು, ದೊಡ್ಡ ಗದ್ದಲವಾಗಿ, ಶಾಂತವಾಗಿ ಕೂತವರನ್ನು ಸರ್ಕಾರಿ ಮನುಷ್ಯ ಯಾರೂ ಮುಟ್ಟಕೂಡದೆಂದು ಕಾನೂನಾಗಿತ್ತು. ಜನ ಅದಕ್ಕೆ ಮಡಿ ಕಾಯ್ದೆ ಎಂದು ಹೆಸರಿಟ್ಟಿದ್ದರು. ಡ್ಯೂಟಿಯ ಮೇಲಿದ್ದವರ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟುತ್ತಿದ್ದರು. ಧರಣಿ ಕೂತವರ ಮೈಗೆ ಕೈ ತಾಗಿದರೆ ಅದು ಕೀರಲು ದನಿಯಲ್ಲಿ ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು.

ಕಾಯ್ದೆಯ ಮಾತು ಬಿಡಿ, ಅದಕ್ಕೆ ಸಂದು ಹುಡುಕುವವರು ಇದ್ದೇ ಇರುತ್ತಾರೆ. ಬಾಯಲ್ಲಿ ಗದರಿಸಿ ಎಬ್ಬಿಸೋಣವೆಂದರೂ ಆಗಲಿಲ್ಲ. ಉಣ್ಣುವವರನ್ನು ತಾಟಿನ ಮುಂದಿನಿಂದ ಎಬ್ಬಿಸುವ ಪಾಪವನ್ನು ಕಲ್ಲಗೇರಿಯಲ್ಲಿ ಯಾರೂ ಕಟ್ಟಿಕೊಳ್ಳಲಾರರು. ಮೊದಲ ದಿನ ಇನ್‌ಸ್ಪೆಕ್ಟರ್ ಇಮಾಮಸಾಬ ನದಾಫ್ ಲಾಠಿ ಆಡಿಸುತ್ತ ಬಂದಿದ್ದ. ದುಂಡವ್ವ ತಲೆಯೆತ್ತಿ, "ಬರ್ರಿ ಸಾಹೇಬ್ರ, ಊಟಾ ಮಾಡೂಣು" ಎಂದಳು. ಉಣ್ಣುವವರು ಬಂದವರನ್ನು ಕರೆಯಬೇಕು, ಕರೆದಾಗ ಒಂದು ತುತ್ತಾದರೂ ಮುಟ್ಟಬೇಕು. ನದಾಫ್ ಬೆಳಗಿನಿಂದ ಚಹಾ ಕೂಡ ಕುಡಿದಿರಲಿಲ್ಲ. ಎಣ್ಣೆಗಾಯಿ ಬೇರೆ ಇತ್ತು. ಎರಡು ರೊಟ್ಟಿ ತಿಂದು, ನೀರು ಕುಡಿದು, ಮೀಸೆ ಒರೆಸಿಕೊಂಡ ಮೇಲೆಯೇ ಅವನಿಗೆ ತಾನು ಬಂದದ್ದು ಏತಕ್ಕೆಂದು ನೆನಪಾದದ್ದು. ಉಪ್ಪು ತಿಂದ ಮನೆಗೆ ಎರಡು ಬಗೆಯುವುದು ಹೇಗೆ? ಒಂದು ವಾರದೊಳಗೆ ಠಾಣೆಯ ಅಷ್ಟೂ ಪೇದೆಗಳು ಆಕೆಯ ಉಪ್ಪು ತಿಂದಿದ್ದರು.

ಜನವೂ ಹಾಗೆಯೇ. ಕೆಲಸಕ್ಕೆ ಹೊತ್ತಾಯಿತೆಂದು ಬೈಯುತ್ತ ಬರುವುದು, ಬೈದು ಮುಗಿದ ಮೇಲೆ, "ಒಣಾ ರೊಟ್ಟಿ ಹ್ಯಾಂಗ ತಿಂತೀಯವಾ" ಎಂದು ಡಬ್ಬಿಯಿಂದ ಮೊಸರು ಸುರಿದು ಹೋಗುವುದು. ಗಾರೆ ಕೆಲಸದ ಹೆಂಗಸೊಬ್ಬಳು, "ನಿನ್ನ ಸಲುವಾಗಿ ನನ್ನ ಪಗಾರ ಹೋತು, ನಿನ್ನ ಹಟಕ್ಕ ಬೆಂಕಿ ಬೀಳ್ಲಿ" ಎಂದು ಶಪಿಸಿ, ಅದೇ ಉಸಿರಿನಲ್ಲಿ ಗುರೆಳ್ಳು ಚಟ್ನಿ ಬಡಿಸಿದ್ದಳು. ಇಂಥ ಊರನ್ನು ಆಳುವುದು ಯಾರಿಂದಾದೀತು?

*

ಆಳಬೇಕಾಗಿದ್ದವಳು ಸಂಚಾರ ನಿರ್ದೇಶಕಿ ಮಂದಾಕಿನಿ ದೇಸಾಯಿ. ಆಕೆಯ ನಿಯಂತ್ರಣ ಕೊಠಡಿಯ ಗೋಡೆಯ ತುಂಬ ಊರಿನ ನಕ್ಷೆ, ನಕ್ಷೆಯಲ್ಲಿ ಬಸ್ಸುಗಳೆಲ್ಲ ಒಂದೇ ಜಾಗದಲ್ಲಿ ಒತ್ತಿಕೊಂಡ ಕೆಂಪು ಚುಕ್ಕೆಗಳು. ಎದುರಿಗೆ ಕೂತಿದ್ದ ಚಿದಾನಂದ ಹೂಗಾರನಿಗೆ ಆ ಚುಕ್ಕೆಗಳನ್ನು ನೋಡಿಯೇ ತಲೆನೋವು ಬಂದಿತ್ತು.

ಚಿದಾನಂದ ಪಕ್ಕದ ಜಿಲ್ಲೆಯವನು, ಸರ್ಕಾರಿ ಆಸ್ಪತ್ರೆಯ ಯಂತ್ರಜ್ಞ. ಲಕ್ವಾ ಹೊಡೆದವರನ್ನು ನಡೆಸುವ ಒಂದು ಯಂತ್ರವನ್ನು ಅವನು ಕಟ್ಟಿದ್ದ. ಅದರ ಹೆಸರು ಊರುಗೋಲು. ನಮ್ಮ ಕಿವಿಯ ಒಳಗಡೆ ಮೈಯ ಸಮತೋಲ ಕಾಯುವ ಸಣ್ಣ ಕೊಳವೆಗಳಿವೆ, ಅವುಗಳಲ್ಲಿ ನೀರಿನಂಥ ದ್ರವವಿದೆ. ಕೇಳಿಸದಷ್ಟು ಸೂಕ್ಷ್ಮವಾದ ಧ್ವನಿಯ ಅಲೆಗಳಿಂದ ಊರುಗೋಲು ದೂರದಿಂದಲೇ ಒಬ್ಬರಿಗೆ ಗುರಿಯಿಟ್ಟು ಆ ದ್ರವವನ್ನು ಹಿತವಾಗಿ ತಳ್ಳುತ್ತದೆ. ಮಿದುಳಿಗೆ ತಾನು ಮುಂದಕ್ಕೆ ಬೀಳುತ್ತಿದ್ದೇನೆ ಎನಿಸುತ್ತದೆ. ಬೀಳದಿರಲು ಕಾಲು ತಾನಾಗಿ ಎದ್ದು ಹೆಜ್ಜೆ ಇಡುತ್ತದೆ. ಎತ್ತ ಹೋಗಬೇಕೆಂದು ತೋರಿಸಲು ರೂಪಾಯಿಯಷ್ಟಗಲದ ಒಂದು ಬಿಲ್ಲೆ. ಬಿಲ್ಲೆ ಇದ್ದತ್ತ ಹೆಜ್ಜೆ. ಆಸ್ಪತ್ರೆಯಲ್ಲಿ ಅದನ್ನು ರೋಗಿಯ ಮಗನೋ ಮಗಳೋ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಎದುರಿಗೆ ನಿಲ್ಲುವುದು ರೂಢಿ. ತಮ್ಮವರ ಕಡೆಗೆ ನಡೆಯುವಾಗ ರೋಗಿಗೆ ಹೆದರಿಕೆ ಕಡಿಮೆ.

"ಮುಟ್ಟೂ ಹಂಗಿಲ್ಲ, ಅವಾಜು ಇಲ್ಲ, ನೋವು ಇಲ್ಲ," ಎಂದಳು ದೇಸಾಯಿ. "ತನ್ನ ಕಾಲಿಲೆ ತಾನ ಎದ್ದು ಹೋಗ್ತಾಳ. ಹಾವೂ ಸಾಯತದ, ಕೋಲೂ ಮುರಿಯಂಗಿಲ್ಲ."

"ಮೇಡಂ, ಒಂದು ಬಸ್ ಸ್ಟಾಪು ಕೊಟ್ಟುಬಿಟ್ರ ಮುಗೀತಲ್ರಿ?"

"ಇವತ್ತು ಆಕಿಗೆ ಕೊಡ್ತೀನಿ. ನಾಳೆ ಪ್ರತಿ ಓಣಿಯವರು ತಾಟು ತಗೊಂಡು ಬಂದು ಕೂಡ್ತಾರ. ಪರೀಕ್ಷಾ ತಪ್ಪಿಸಿಕೊಂಡ ಹುಡುಗ್ರು ಎಷ್ಟು ಮಂದಿ ಗೊತ್ತದ ಏನ್ರಿ ನಿಮಗ? ಆಸ್ಪತ್ರೆಗೆ ಹೋಗೂ ಬಸುರಿಯರು? ಅವರ ಹಕ್ಕು ಹಕ್ಕಲ್ಲೇನು?"

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಚಿದಾನಂದನಿಗೆ ಇನ್ನಷ್ಟು ಕಿರಿಕಿರಿ ಮಾಡಿತು.

"ನೀವ ಒಮ್ಮೆ ಹೋಗಿ ಆಕೀ ಕೂಡ ಮಾತಾಡೀರೇನ್ರಿ?"

ದೇಸಾಯಿ ನಕ್ಷೆಯ ಕಡೆ ತಿರುಗಿದಳು. "ಹೋದ್ರ ಉಣ್ಣು ಅಂತಾಳಂತ" ಎಂದಳು. ಆಮೇಲೆ ಮೇಜಿನ ಮೇಲೆ ಕೈ ಊರಿ ನಿಜವಾದ ಮಾತಿಗೆ ಬಂದಳು. ಈ ಕೆಲಸವಾದರೆ ಪ್ರತಿ ತಾಲೂಕು ಆಸ್ಪತ್ರೆಗೂ ಊರುಗೋಲು ಮಂಜೂರು. ಆಗದಿದ್ದರೆ ಪ್ರಯೋಗ ಮುಗಿದಂತೆ, ಇರುವ ಒಂದೇ ಯಂತ್ರವೂ ವಾಪಸ್ಸು.

ಇರುವ ಒಂದೇ ಯಂತ್ರ ಆಸ್ಪತ್ರೆಯ ಹೊತ್ತು ಮುಗಿದ ಮೇಲೆ ಚಿದಾನಂದನ ಮನೆಯಲ್ಲಿರುತ್ತಿತ್ತು. ಅವನ ಅಪ್ಪನನ್ನು ನಡೆಸುತ್ತಿತ್ತು.

*

ಬಸಲಿಂಗಪ್ಪ ಹೂಗಾರ ಒಂದು ಕಾಲದಲ್ಲಿ ಊರಿಗೆಲ್ಲ ಹೂವು ಪತ್ರಿ ಮುಟ್ಟಿಸುತ್ತ ಓಣಿ ಓಣಿ ತಿರುಗಿದ ಮನುಷ್ಯ. ಲಕ್ವಾ ಹೊಡೆದ ಮೇಲೆ ಬಲಗಾಲು ಅವನ ಮಾತು ಕೇಳುವುದನ್ನು ಬಿಟ್ಟಿತ್ತು. ದಿನಾ ಬೆಳಿಗ್ಗೆ ಮಗ ಬಿಲ್ಲೆಯನ್ನು ಕಿಸೆಯಲ್ಲಿಟ್ಟುಕೊಂಡು ಪಡಸಾಲೆಯ ಆ ತುದಿಗೆ ನಿಂತು, "ಅಪ್ಪಾ, ಒತ್ಲೇನು?" ಎಂದು ಕೇಳಬೇಕು. ಅಪ್ಪ "ಹೂಂ" ಅನ್ನಬೇಕು. ಹೂಂ ಅನ್ನದೆ ಗುಂಡಿ ಒತ್ತಬಾರದು. ಆಸ್ಪತ್ರೆಯ ನಿಯಮ ಅದು, ಚಿದಾನಂದನೇ ಮಾಡಿದ ನಿಯಮ.

ಅಪ್ಪನೋ, ಹೂಂ ಅನ್ನುವುದಕ್ಕೆ ಮೊದಲು ಹವಾಮಾನ ವಿಚಾರಿಸುತ್ತಿದ್ದ, ಸೊಸೆ ಚಹಾಕ್ಕೆ ಶುಂಠಿ ಹಾಕಿದ್ದಾಳೋ ಇಲ್ಲವೋ ಕೇಳುತ್ತಿದ್ದ. ಒಮ್ಮೊಮ್ಮೆ, "ಇವತ್ತ ಬ್ಯಾಡ" ಎಂದು ಮುಖ ತಿರುಗಿಸಿಬಿಡುತ್ತಿದ್ದ. ಆಗ ಮಗ ಹಲ್ಲು ಕಡಿಯುತ್ತ ನಿಲ್ಲಬೇಕಾಗುತ್ತಿತ್ತು.

ಕಲ್ಲಗೇರಿಯ ಕತೆ ಕೇಳಿ ಅಪ್ಪ ಬಾಯಿತುಂಬ ನಕ್ಕ. ಆಮೇಲೆ ಕೇಳಿದ, "ಆಕಿ ಹೂಂ ಅಂತಾಳೇನು?"

"ಯಾರು?"

"ಆ ರೊಟ್ಟಿ ಹೆಣಮಗಳು. ನೀ ಗುಂಡಿ ಒತ್ತೂ ಮುಂದ."

"ಅಪ್ಪಾ, ಅದು ದವಾಖಾನಿ ಮಾತು. ಅಲ್ಲಿ ಹ್ಯಾಂಗ ನಡೀತೈತಿ? ಆಕಿ ಹೂಂ ಅನ್ನೂಹಂಗಿದ್ರ ಇಷ್ಟೆಲ್ಲಾ ಯಾಕ ಬೇಕಿತ್ತು?"

"ಅದನ್ನ ನಾನೂ ಕೇಳಿದ್ದು" ಎಂದ ಅಪ್ಪ.

ಚಿದಾನಂದನಿಗೆ ಸಿಟ್ಟು ನೆತ್ತಿಗೇರಿತು. ಯಾರಿಗಾಗಿ ಈ ಒದ್ದಾಟ? ಮುಂಜಾನೆ ಪಡಸಾಲೆಯ ತುದಿಯಿಂದ ತುದಿಗೆ ನಡೆದು ಬಂದು ಮಗನ ಭುಜ ತಟ್ಟುವ ಈ ಮುದುಕನಿಗಾಗಿ ಅಲ್ಲವೇ? ಯಂತ್ರ ಹೋದರೆ ಈತ ಹಾಸಿಗೆ ಹಿಡಿಯುತ್ತಾನೆ. ಅತ್ತ ಒಬ್ಬಳು ರೊಟ್ಟಿ ಅಗಿಯುತ್ತಾಳೆ, ಇತ್ತ ಒಬ್ಬ ನೀತಿ ಹೇಳುತ್ತಾನೆ, ನಡುವೆ ಸಾಯುವವನು ನಾನು. ಈ ಮಾತನ್ನು ಅವನು ಗಟ್ಟಿಯಾಗಿ ಆಡಲಿಲ್ಲ. ಯಂತ್ರವನ್ನು ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯ ಮುಚ್ಚಳವನ್ನು ಬೇಕಾದದ್ದಕ್ಕಿಂತ ಜೋರಾಗಿ ಹಾಕಿದ.

*

ಡಿಪೋದ ಎದುರಿಗೆ ಒಂದು ವ್ಯಾನು ನಿಲ್ಲಿಸಿ ಅದರಲ್ಲಿ ಯಂತ್ರ ಕೂಡಿಸಿದರು. ನದಾಫ್ ಚಿದಾನಂದನ ಮಣಿಕಟ್ಟಿಗೂ ಒಂದು ಪಟ್ಟಿ ಕಟ್ಟಿದ. "ಡ್ಯೂಟಿ ಮ್ಯಾಲ ಅದೀರಿ, ನಿಮಗೂ ಮಡಿ" ಎಂದ. ಅವನ ಮುಖದಲ್ಲಿ ಗೆಲುವಿರಲಿಲ್ಲ. "ಸಾಹೇಬ್ರ, ನೀವು ಆಕಿ ಹತ್ರ ಹೋಗಬ್ಯಾಡ್ರಿ ಮತ್ತ. ಹೋದ್ರ ಕರೀತಾಳ."

"ನಾ ಹೋಗಂಗಿಲ್ಲ."

"ಅದಕ್ಕ ಹೊರಗಿನವ್ರನ್ನ ಕರಸ್ಯಾರ. ಈ ಊರಾಗ ಆಕಿ ಉಪ್ಪು ತಿನ್ನದ ಸರ್ಕಾರಿ ಮನಿಶ್ಯಾ ಯಾರೂ ಉಳಿದಿಲ್ರಿ."

ಮೊದಲು ಪೇದೆಯೊಬ್ಬನ ಮೇಲೆ ಪರೀಕ್ಷೆ ನಡೆಯಿತು. ಫುಟ್‌ಪಾತಿನ ಬೇವಿನ ಮರದ ಬುಡದಲ್ಲಿ ಚಿದಾನಂದ ಬಿಲ್ಲೆ ಇಟ್ಟು ಬಂದು ಗುಂಡಿ ಒತ್ತಿದ. ನೆಲದ ಮೇಲೆ ಕೂತಿದ್ದ ಪೇದೆ ಅಯ್ಯಯ್ಯೋ ಎನ್ನುತ್ತ ಎದ್ದು, ಮಗ್ಗಿ ಹೇಳುವ ಹುಡುಗನಂತೆ ನೇರವಾಗಿ ಹೋಗಿ ಮರದ ಬುಡಕ್ಕೆ ನಿಂತ. ಸುತ್ತಲಿದ್ದವರೆಲ್ಲ ನಕ್ಕರು. ಚಿದಾನಂದ ಹೋಗಿ ಬಿಲ್ಲೆ ಎತ್ತಿಕೊಂಡು, ಮಣ್ಣು ಒರೆಸಿ, ಸರಿಯಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದ. ಅಷ್ಟರಲ್ಲಿ ನಿಯಂತ್ರಣ ಕೊಠಡಿಯಿಂದ ದೇಸಾಯಿಯ ಕರೆ ಬಂತು. ಇನ್ನೂ ಯಾಕೆ ತಡ, ಮೇಲಿನವರು ಪರದೆಯ ಮುಂದೆ ಕೂತಿದ್ದಾರೆ. ಮಾತಾಡುತ್ತಲೇ ಅವನು ವ್ಯಾನು ಹತ್ತಿದ. ಎಷ್ಟೋ ಮುಂಜಾನೆಗಳ ರೂಢಿಯಲ್ಲಿ ಅವನ ಕೈ ಬಿಲ್ಲೆಯನ್ನು ಅಂಗಿಯ ಕಿಸೆಗೆ ಬಿಟ್ಟಿತ್ತು. ಅದು ಅವನ ಗಮನಕ್ಕೇ ಬರಲಿಲ್ಲ.

ಗಾಜಿನಾಚೆ ದುಂಡವ್ವ ಕಾಣುತ್ತಿದ್ದಳು. ಹಸಿರು ಇಳಕಲ್ ಸೀರೆ, ತಲೆಯ ಮೇಲೆ ಸೆರಗು. ಎದುರಿಗೆ ಬಸ್ಸು ಮೂತಿ ಚಾಚಿಕೊಂಡು ನಿಂತಿತ್ತು. ಆಕೆ ಒಂದು ಚೂರು ಮುರಿದು ಚಟ್ನಿಗೆ ಅದ್ದಿದಳು. ಅದು ಬಾಯಿಗೆ ಹೋಗಲಿ, ಆಮೇಲೆ ಒತ್ತೋಣವೆಂದು ಅವನು ಕಾದ. ಆಕೆ ಅಗಿದಳು. ಮುಗಿಯಲಿ ಎಂದುಕೊಂಡ. ಅದು ಮುಗಿಯುವುದರೊಳಗೆ ಇನ್ನೊಂದು ಚೂರು ಮುರಿದಳು. ಈ ಹೆಂಗಸಿನ ಊಟದಲ್ಲಿ ಸಂದೇ ಇಲ್ಲವಲ್ಲ ಎಂದು ರೇಗಿ ಚಿದಾನಂದ ಗುಂಡಿ ಒತ್ತಿಬಿಟ್ಟ.

ದುಂಡವ್ವನ ಬೆನ್ನು ನೆಟ್ಟಗಾಯಿತು. ಭೂಮಿ ಜಾರಿದವಳಂತೆ ಎಡಗೈ ನೆಲಕ್ಕೂರಿ, ಆಕೆ ಎದ್ದು ನಿಂತಳು. ಬಲಗೈಯಲ್ಲಿ ಚಟ್ನಿ ಹತ್ತಿದ ರೊಟ್ಟಿ ಚೂರು ಹಾಗೇ ಇತ್ತು. ಗೇಟಿನ ಬಳಿ ಯಾರೂ ನಗಲಿಲ್ಲ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ತಾಟು ಕಾಲಿಗೆ ತಾಗಿ ಮಗುಚಿತು. ಆಕೆ ಬೇವಿನ ಮರದ ಕಡೆ ಹೋಗಲಿಲ್ಲ, ರಸ್ತೆ ದಾಟಿ ನೇರವಾಗಿ ವ್ಯಾನಿನ ಕಡೆಗೆ ಬಂದಳು.

ಏನಾಗಿದೆಯೆಂದು ಚಿದಾನಂದನಿಗೆ ಹೊಳೆಯುವಷ್ಟರಲ್ಲಿ ಆಕೆ ವ್ಯಾನಿನ ಬಾಗಿಲಿಗೆ ಬಂದು ತಾಗಿದ್ದಳು. ಬಾಗಿಲು ಅಡ್ಡವಿದ್ದರೂ ಕಾಲು ನಿಲ್ಲಲಿಲ್ಲ, ನಿಂತಲ್ಲೇ ಹೆಜ್ಜೆ ಹಾಕುತ್ತಿತ್ತು. ಹಣೆ ಗಾಜಿಗೆ ಬಡಿಯುತ್ತಿತ್ತು. ಅವನು ಬಾಗಿಲು ಸರಿಸಿದ. ಅಷ್ಟು ಹತ್ತಿರದಿಂದ ಅವನು ಆಕೆಯ ಮುಖ ನೋಡಿರಲಿಲ್ಲ. ಹಟದ ಮುಖವಲ್ಲ ಅದು, ಹೆದರಿದ ಮುಖ.

"ಏನ್ ಮಾಡಿದ್ಯೋ ತಮ್ಮಾ?" ಎಂದಳು. ಬಾಯಲ್ಲಿನ್ನೂ ತುತ್ತಿತ್ತು. "ನನ್ನ ಕಾಲು ನನ್ನ ಮಾತು ಕೇಳವಲ್ಲವು. ನಿಂದರ್ಸೋ ಇದನ್ನ!"

ಯಂತ್ರವನ್ನು ಒಮ್ಮೆಲೇ ಆರಿಸಬಾರದು, ಅಲೆಯ ಜೋರನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಒಮ್ಮೆಲೇ ಆರಿಸಿದರೆ ಮಿದುಳಿಗೆ ದಿಕ್ಕು ತಪ್ಪಿ ಮನುಷ್ಯ ಕುಸಿಯುತ್ತಾನೆ. ಇದನ್ನು ಆಸ್ಪತ್ರೆಯ ದಾದಿಯರಿಗೆಲ್ಲ ಕಲಿಸಿದವನೇ ಆ ಗಳಿಗೆಯಲ್ಲಿ ಗಾಬರಿಬಿದ್ದು ಯಂತ್ರವನ್ನು ತಟ್ಟನೆ ಆರಿಸಿದ. ದುಂಡವ್ವ ವ್ಯಾನಿನ ಕಬ್ಬಿಣದ ಮೆಟ್ಟಿಲಿನ ಮೇಲೆ ಮುಖ ಅಡಿಯಾಗಿ ಬೀಳಹೋದಳು. ಚಿದಾನಂದ ಎರಡೂ ಕೈ ಚಾಚಿ ಆಕೆಯ ಬಲಗೈಯನ್ನು ಹಿಡಿದ. ಗಟ್ಟಿಯಾಗಿ ಹಿಡಿದ. ಕೀಲು ಲಟಕ್ಕೆಂದಿತು, ಆದರೆ ಆಕೆ ಬೀಳಲಿಲ್ಲ.

ಅವನ ಮಣಿಕಟ್ಟಿನ ಪಟ್ಟಿ ಕೀರಲು ದನಿಯಲ್ಲಿ ಕೂಗತೊಡಗಿತು.

ಅದೇ ಹೊತ್ತಿಗೆ ಮೊದಲ ಬಸ್ಸು ಮಗುಚಿದ ತಾಟಿನ ಪಕ್ಕದಿಂದ ಮೆಲ್ಲಗೆ ಹೊರಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ವ್ಯಾನಿನೊಳಗಿನ ಪರದೆಯ ಮೇಲೆ ನಿಯಂತ್ರಣ ಕೊಠಡಿಯ ಸಂದೇಶ ಮೂಡಿತು: ಗೇಟು ತೆರವಾಗಿದೆ. ಧರಣಿನಿರತರು ತಾವಾಗಿಯೇ ಎದ್ದು ಹೋದರು.

*

ವಿಚಾರಣೆ ಆ ಸಂಜೆಯೇ ನಡೆಯಿತು. ದೇಸಾಯಿಯ ಮೇಜಿನ ಆಚೆ ರಾಜಧಾನಿಯಿಂದ ಬಂದಿದ್ದ ಹಿರಿಯ ಅಧಿಕಾರಿಯೊಬ್ಬ ಕೂತಿದ್ದ. ಗೋಡೆಯ ನಕ್ಷೆಯಲ್ಲಿ ಕೆಂಪು ಚುಕ್ಕೆಗಳೆಲ್ಲ ಹಸಿರಾಗಿ ಊರ ತುಂಬ ಓಡಾಡುತ್ತಿದ್ದವು.

"ನೀವು ಆಕೆಯನ್ನು ಮುಟ್ಟಿದಿರಾ?" ಎಂದು ಅಧಿಕಾರಿ ಕೇಳಿದ.

"ಮುಟ್ಟದಿದ್ದರೆ ಬೀಳುತ್ತಿದ್ದರು ಸರ್."

"ಅದಲ್ಲ ಪ್ರಶ್ನೆ. ಮುಟ್ಟಿದಿರಾ?"

"ಮುಟ್ಟಿದೆ."

"ಕೈ ಉಳುಕಿದೆ, ಊದಿಕೊಂಡಿದೆ. ಮಡಿ ಕಾಯ್ದೆ ಬಂದ ಮೇಲೆ ಈ ಜಿಲ್ಲೆಯಲ್ಲಿ ಬಲಪ್ರಯೋಗದ ಮೊದಲ ಪ್ರಕರಣ ಇದು. ಗೊತ್ತಿದೆಯೇ?"

ಚಿದಾನಂದ ತಲೆ ತಗ್ಗಿಸಿ ಮಣಿಕಟ್ಟಿನ ಪಟ್ಟಿಯನ್ನು ನೋಡಿಕೊಂಡ. ಅದನ್ನು ದೇಸಾಯಿ ಪಶ್ಚಾತ್ತಾಪವೆಂದು ತಿಳಿದು ಮೃದುವಾದಳು. "ನೋಡ್ರಿ ಹೂಗಾರ, ಇದನ್ನ ಸರಿಮಾಡಬಹುದು. ಆಕಿ ತಾನ ಎದ್ದು, ನಡದು ಬಂದು, ತಲಿ ತಿರುಗಿ ಬಿದ್ದಳು. ಬೀಳೂ ಹೆಣಮಗಳನ್ನ ನೀವು ಹಿಡದ್ರಿ. ಮಾನವೀಯತೆ. ಅಷ್ಟು ಹೇಳಿದ್ರ ನಿಮಗೂ ತೊಂದರೆ ಇಲ್ಲ, ನಿಮ್ಮ ಯಂತ್ರಕ್ಕೂ ಇಲ್ಲ. ಮುಂದಿನ ತಿಂಗಳು ತಾಲೂಕು ಆಸ್ಪತ್ರೆಗೆಲ್ಲಾ ಮಂಜೂರಾಗತದ."

ಪಡಸಾಲೆಯ ಆ ತುದಿಯಿಂದ ಅಪ್ಪ ನಡೆದು ಬರುವುದು ಚಿದಾನಂದನ ಕಣ್ಣಿಗೆ ಕಟ್ಟಿತು. ಹೂಂ ಅಂದುಬಿಟ್ಟರೆ ಮುಗಿಯಿತು. ಹೂಂ ಅನ್ನುವುದಕ್ಕೇ ಬಾಯಿ ತೆರೆದ. ಆದರೆ ಹಣೆ ಗಾಜಿಗೆ ಬಡಿಯುತ್ತಿದ್ದ ಸದ್ದು ಕಿವಿಯಿಂದ ಹೋಗಿರಲಿಲ್ಲ.

"ಅವರು ತಾವಾಗಿ ಎದ್ದಿಲ್ಲ. ನಾನು ಎಬ್ಬಿಸಿದೆ."

"ಕಾಲು ಯಾರವು?" ಎಂದ ಅಧಿಕಾರಿ.

"ಅವರವೇ."

"ಯಾರಾದರೂ ಹಿಡಿದೆಳೆದರೇ? ನೂಕಿದರೇ?"

"ಇಲ್ಲ."

"ಮತ್ತೆ?"

ಚಿದಾನಂದನ ತಾಳ್ಮೆ ಅಲ್ಲಿಗೆ ಮುಗಿಯಿತು. "ಮತ್ತೆ ಏನು ಸರ್? ಬಲಪ್ರಯೋಗ ನಡೆದದ್ದು ನಾನು ಕೈ ಹಿಡಿದಾಗ ಅಲ್ಲ, ಗುಂಡಿ ಒತ್ತಿದಾಗ. ಹಿಡಿದೆಳೆದಿದ್ದರೆ ಆಕೆ ಕೊಸರಾಡಬಹುದಿತ್ತು, ಬೈಯಬಹುದಿತ್ತು, ನೆಲಕ್ಕೆ ಅಂಟಿಕೊಳ್ಳಬಹುದಿತ್ತು. ನಾವು ಅದಕ್ಕೂ ದಾರಿ ಬಿಡಲಿಲ್ಲ. ಆಕೆಯ ಕಾಲನ್ನೇ ಆಕೆಯ ಮೇಲೆ ಪೊಲೀಸು ಮಾಡಿ ಬಿಟ್ಟೆವು. ನನ್ನ ಪಟ್ಟಿ ಆಗ ಸುಮ್ಮನಿತ್ತು. ಆಕೆ ಬೀಳದ ಹಾಗೆ ಹಿಡಿದುಕೊಂಡರೆ ಬೊಬ್ಬೆ ಹೊಡೆಯಿತು. ಇಂಥ ಪಟ್ಟಿ ಕಟ್ಟಿಕೊಂಡು ನೀವು ಯಾರಿಗೆ ಕಾಯ್ದೆ ಹೇಳುತ್ತೀರಿ?"

"ಊರಿಗೆ ಊರೇ ತೊಂದರೆ ಪಡುತ್ತಿತ್ತು," ಎಂದು ಅಧಿಕಾರಿ ಗದರಿದ. "ಒಬ್ಬಳ ಹಟಕ್ಕಾಗಿ ಎಲ್ಲರೂ ನರಳಬೇಕೇ?"

"ಬೇಡ. ನನಗೂ ಆಕೆಯ ಮೇಲೆ ಸಿಟ್ಟಿದೆ. ಎಬ್ಬಿಸಲೇಬೇಕಾದರೆ ಎಬ್ಬಿಸಿ. ಕೈ ಹಿಡಿದು ಎಬ್ಬಿಸಿ, ಎಬ್ಬಿಸಿದೆವು ಅಂತ ಒಪ್ಪಿಕೊಳ್ಳಿ, ಅದಕ್ಕೆ ಜವಾಬು ಹೇಳಿ. ಇಲ್ಲವೇ ಹೋಗಿ ಮಾತಾಡಿ. ತಾವಾಗಿಯೇ ಎದ್ದು ಹೋದರು ಅಂತ ಮಾತ್ರ ಬರೆಯಬೇಡಿ."

ಅವನನ್ನು ಅಮಾನತು ಮಾಡಿದರು. ಊರುಗೋಲು ಬಲಪ್ರಯೋಗದ ಸಾಧನವೋ ಅಲ್ಲವೋ ಎಂದು ತೀರ್ಮಾನವಾಗುವವರೆಗೆ ಯಂತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮಣಿಕಟ್ಟಿನ ಪಟ್ಟಿಯನ್ನು ನದಾಫ್ ತಾನೇ ಬಂದು ಬಿಚ್ಚಿದ. ಬಿಚ್ಚಿ, ಅವನ ಭುಜ ಹಿಚುಕಿ ಹೋದ.

*

"ಮಿಶನ್ ಎಲ್ಲಿ?" ಎಂದ ಅಪ್ಪ. ಬರಿಗೈಯಲ್ಲಿ ಬಂದ ಮಗನನ್ನು ಆತ ಮಂಚದ ಮೇಲಿನಿಂದಲೇ ನೋಡುತ್ತಿದ್ದ.

"ಹೋತು."

"ವಾಪಸ್ ಬರತೈತೇನು?"

"ಗೊತ್ತಿಲ್ಲಪಾ. ನಂದ ತಪ್ಪು. ಹೂಂ ಅಂದಿದ್ರ ಉಳೀತಿತ್ತು."

ನಡೆದದ್ದನ್ನೆಲ್ಲ ಚಿದಾನಂದ ಹೇಳಿದ. ಅಪ್ಪ ಜಾಣತನದ ಮಾತೊಂದನ್ನು ಆಡುತ್ತಾನೆಂದು ಅವನು ಕಾದಿದ್ದ, ಅದಕ್ಕೆ ತಿರುಗಿ ರೇಗುವುದಕ್ಕೂ ಸಿದ್ಧನಾಗಿದ್ದ. ಆದರೆ ಅಪ್ಪ ತನ್ನ ಬಲಗಾಲನ್ನೇ ನೋಡುತ್ತ ಕೂತ. ಅವನ ಕಣ್ಣು ತುಂಬಿತು. ನಡಿಗೆ ಹೋದದ್ದರ ದುಃಖ ಅವನಿಗೆ ಆಗದೇ ಇರಲು ಹೇಗೆ ಸಾಧ್ಯ? ಮಗನಿಗೆ ಅದನ್ನು ನೋಡಲಾಗಲಿಲ್ಲ, ಒಳಗೆ ಹೋಗಿ ಸುಮ್ಮನೆ ನೀರು ಕುಡಿದ.

ಮುಂಜಾನೆ ಅಪ್ಪನೇ ಕೂಗಿದ. "ಚಿದ್ಯಾ, ಬಾ ಇಲ್ಲಿ. ಕೈ ಕೊಡು."

"ಎಲ್ಲಿಗೆ?"

"ಆ ಹೆಣಮಗಳ ಕೈ ಮುರದು ಬಂದೀ. ಮಾತಾಡ್ಸಿ ಬರೂದು ಬ್ಯಾಡೇನು?"

ಬಾಡಿಗೆ ಕಾರು ಮಾಡಿಕೊಂಡು ಕಲ್ಲಗೇರಿಗೆ ಹೋದರು. ಡಿಪೋದ ರಸ್ತೆ ತುಂಬಿ ಹೋಗಿದ್ದರಿಂದ ಕಾರು ಮುಂದೆ ಹೋಗಲಿಲ್ಲ. ಅಲ್ಲಿಂದ ನಡೆಯಬೇಕಾಯಿತು. ಅಪ್ಪ ಮಗನ ಹೆಗಲಿಗೆ ಜೋತು, ಬಲಗಾಲು ಎಳೆಯುತ್ತ, ಬೈಯುತ್ತ, ನಿಲ್ಲುತ್ತ, ಮತ್ತೆ ಬೈಯುತ್ತ ನಡೆದ. ಚಿದಾನಂದನ ಅಂಗಿ ಬೆವರಿನಲ್ಲಿ ತೊಯ್ದು ಹೋಯಿತು.

ರಸ್ತೆ ತುಂಬಿದ್ದು ಏಕೆಂದು ಗೇಟು ಕಂಡಾಗ ತಿಳಿಯಿತು. ಬಸ್ಸುಗಳು ನಿಂತಿದ್ದವು. ಬಲಗೈಯನ್ನು ಬಟ್ಟೆಯಲ್ಲಿ ಕುತ್ತಿಗೆಗೆ ತೂಗುಹಾಕಿಕೊಂಡು ದುಂಡವ್ವ ಅದೇ ಗೋಣಿಚೀಲದ ಮೇಲೆ ಕೂತಿದ್ದಳು. ಮುಂದೆ ತಾಟು, ತಾಟಿನಲ್ಲಿ ರೊಟ್ಟಿ. ಆದರೆ ಉಣ್ಣುತ್ತಿರಲಿಲ್ಲ. ಎಡಗೈಯಿಂದ ಉಣ್ಣುವುದು ಆ ಹೆಂಗಸಿನ ಜನ್ಮದಲ್ಲಿ ಆಗದ ಮಾತು. ತುತ್ತು ತಿನ್ನಿಸಬೇಕಾದ ಗಂಡ ಈಶಪ್ಪ ದವಾಖಾನೆಗೆ ಹೋಗಿದ್ದ.

ನದಾಫ್ ಸ್ವಲ್ಪ ದೂರದಲ್ಲಿ ನಿಂತು ಪೇಚಾಡುತ್ತಿದ್ದ. ಚಿದಾನಂದನನ್ನು ಕಂಡವನೇ ಹತ್ತಿರ ಬಂದು ಪಿಸುಗುಟ್ಟಿದ. "ಉಣ್ಣಾಕತ್ತಿಲ್ಲ ಅಂದ್ರ ಗದರಿಸಿ ಎಬ್ಬಸ್ರಿ ಅಂತ ಮ್ಯಾಲಿಂದ ಹೇಳಾಕತ್ಯಾರ. ತುತ್ತು ಬಾಯಿಗೆ ಹೋಗವಲ್ದು. ನಾ ಏನ್ ಮಾಡ್ಲಿ? ನಾವ್ಯಾರೂ ಆಕೀನ್ನ ಮುಟ್ಟೂ ಹಂಗೂ ಇಲ್ಲ."

ಚಿದಾನಂದ ಅಪ್ಪನನ್ನು ಗೋಣಿಚೀಲದ ಅಂಚಿಗೆ ಕೂಡಿಸಿ ತಾನೂ ಕುಕ್ಕರಗಾಲಲ್ಲಿ ಕೂತ. ದುಂಡವ್ವ ಅವನ ಗುರುತು ಹಿಡಿದಳು.

"ತಪ್ಪಾತವ್ವಾ," ಎಂದ ಅವನು. ಅಷ್ಟು ಹೇಳಿ ಸುಮ್ಮನಿರಬೇಕಿತ್ತು. ಬಿಸಿಲು, ಬೆವರು, ಹೋದ ನೌಕರಿ, ಅಪ್ಪನ ಕಾಲು, ಎಲ್ಲ ಸೇರಿ ಬಾಯಿ ತಡೆಯಲಿಲ್ಲ. "ಆದರ ನಿಮ್ಮಿಂದ ಊರಿಗೆಲ್ಲಾ ತ್ರಾಸ ಆಗೇತಿ. ಒಂದಿನಾರ ಬಿಡಬಾರದ?"

"ಆಗ್ಲಿ ಅಂತನ ಕುಂತೀನಿ," ಎಂದಳು ದುಂಡವ್ವ. "ತ್ರಾಸ ಆಗದಂಗ ಮನ್ಯಾಗ ಕುಂತಿದ್ನೆಲ್ಲಾ ಇಷ್ಟ ದಿನಾ, ಯಾರ್ ನೋಡಿದ್ರು?" ಆಮೇಲೆ ತಾಟಿನ ಕಡೆ ಗದ್ದ ಆಡಿಸಿದಳು. "ಬಾ, ಊಟಾ ಮಾಡು. ಹಿರ್ಯಾರೂ ಬರ್ರಿ."

ನದಾಫ್ ದೂರದಿಂದಲೇ ಬೇಡವೆಂಬಂತೆ ಕೈಯಾಡಿಸಿದ, ಮರುಕ್ಷಣ ತನಗೇ ನಗು ಬಂದು ಆ ಕೈಯನ್ನು ಮೀಸೆಗೆ ಒಯ್ದ. ಚಿದಾನಂದ ಒಂದು ಚೂರು ಮುರಿದು, ಚಟ್ನಿ ಹಚ್ಚಿ, ಬಾಯಿಗಿಟ್ಟುಕೊಂಡ. ಉಪ್ಪು ಸ್ವಲ್ಪ ಮುಂದೇ ಇತ್ತು. ಆಮೇಲೆ ಇನ್ನೊಂದು ತುತ್ತು ಮುರಿದು ಆಕೆಯ ಬಾಯಿಯ ಹತ್ತಿರ ಹಿಡಿದ. ಅಮಾನತಾದವನಿಗೆ ಮಡಿ ಕಾಯ್ದೆಯಿಲ್ಲ, ಮಣಿಕಟ್ಟಿನಲ್ಲಿ ಪಟ್ಟಿಯೂ ಇರಲಿಲ್ಲ.

"ತಿನ್ನಸ್ಲೇನವ್ವಾ?" ಎಂದು ಕೇಳಿದ.

"ಹೂಂ" ಎಂದಳು ದುಂಡವ್ವ. ತುತ್ತನ್ನು ನೋಡಿ ಹುಬ್ಬು ಗಂಟಿಕ್ಕಿದಳು.

"ಇಷ್ಟು ದೊಡ್ಡ ತುತ್ತು ಮಾಡಬ್ಯಾಡೋ ತಮ್ಮಾ. ಲಗೂ ಮುಗದು ಹೋಕ್ಕೈತಿ. ಕಡೇ ಬಸ್ಸಿನ ತನಕ ಉಣ್ಣೂದೈತಿ."